ಪ್ಯಾರಿಸ್ಸಿನ ಹಮಾಲರ ಸೂಪು, ಹುಬ್ಬಳ್ಳಿಯ ಉಳ್ಳಾಗಡ್ಡಿ

ಹುಬ್ಬಳ್ಳಿ-ಧಾರವಾಡದ ಯಾವ ಖಾನಾವಳಿಗೆ ಬೇಕಾದರೂ ಹೋಗಿ ಕೂಡಿರಿ. ತಾಟಿನಲ್ಲಿ ಜೋಳದ ರೊಟ್ಟಿ ಬೀಳುವ ಮೊದಲೇ ಉಳ್ಳಾಗಡ್ಡಿ ಹೋಳು ಬಂದು ಒಂದು ಬದಿಗೆ ಕೂತಿರುತ್ತದೆ. ಹೊಲದಲ್ಲಿ ಬುತ್ತಿ ಬಿಚ್ಚಿದರೂ ಅಷ್ಟೇ. ಗಡ್ಡಿಯನ್ನು ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಒಂದು ಗುದ್ದು ಕೊಟ್ಟರೆ ಸಾಕು, ಚಾಕು ಬೇಡ. ಸಂಜೆ ಗಿರ್ಮಿಟ್ ತಿಂದರೆ ಅದರ ಒಗ್ಗರಣೆಯಲ್ಲಿ ಉಳ್ಳಾಗಡ್ಡಿ, ಮೇಲೆ ಉದುರಿಸುವುದೂ ಉಳ್ಳಾಗಡ್ಡಿ. ಬೆಂಗಳೂರು, ಮೈಸೂರು ಕಡೆಯ ಮಕ್ಕಳೇ, ನೀವು ಈರುಳ್ಳಿ ಎನ್ನುತ್ತೀರಲ್ಲ, ಅದೇ ಇದು.

ಇಷ್ಟೆಲ್ಲ ಕಡೆ ಇದ್ದರೂ ಉಳ್ಳಾಗಡ್ಡಿಗೆ ಪಂಕ್ತಿಯ ನಡುವೆ ಜಾಗವಿಲ್ಲ. ಒಗ್ಗರಣೆಗೆ ಬೇಕು, ನಂಜಿಕೊಳ್ಳಲು ಬೇಕು, ಆದರೆ ಹೆಸರು ಮಾತ್ರ ಬದನೆಕಾಯಿಗೋ ಬೇಳೆಗೋ ಹೋಗುತ್ತದೆ. ಉಳ್ಳಾಗಡ್ಡಿಯನ್ನೇ ಮದುಮಗನನ್ನಾಗಿ ಕೂಡಿಸಿ, ಉಳಿದವರನ್ನೆಲ್ಲ ಬೀಗರನ್ನಾಗಿ ಮಾಡಿದ ಅಡುಗೆ ಒಂದಿದೆ. ಅದೇ ಫ್ರಾನ್ಸ್ ದೇಶದ ಉಳ್ಳಾಗಡ್ಡಿ ಸೂಪು. ದೊಡ್ಡ ಹೋಟೆಲಿನ ಮೆನುವಿನಲ್ಲಿ ‘ಫ್ರೆಂಚ್ ಆನಿಯನ್ ಸೂಪ್’ ಎಂಬ ಹೆಸರು ಕಂಡರೆ ನಾವು ಅದನ್ನು ಸಾಹೇಬರ ಊಟ ಎಂದುಕೊಳ್ಳುತ್ತೇವೆ. ಆದರೆ ಅದಕ್ಕೆ ಹೆಸರು ತಂದವರು ಚೀಲ ಹೊರುವ ಹಮಾಲರು.

ರಾತ್ರಿಯೆಲ್ಲ ಎಚ್ಚರವಿದ್ದ ಪೇಟೆ

ಪ್ಯಾರಿಸ್ ನಗರದ ನಟ್ಟನಡುವೆ ‘ಲೆ ಹಾಲ್’ ಎಂಬ ದೊಡ್ಡ ಪೇಟೆ ಇತ್ತು. ಹನ್ನೆರಡನೆಯ ಶತಮಾನದಲ್ಲಿ ಶುರುವಾದ ಸಂತೆ ಅದು. 1850ರ ದಶಕದಿಂದ ಅಲ್ಲಿ ಕಬ್ಬಿಣ ಮತ್ತು ಗಾಜಿನ ಭಾರೀ ಚಪ್ಪರಗಳು ಎದ್ದವು. ಇಡೀ ನಗರಕ್ಕೆ ಬೇಕಾದ ಕಾಯಿಪಲ್ಯ, ಹಣ್ಣು, ಬೆಣ್ಣೆ, ಮೀನು, ಮಾಂಸ ಎಲ್ಲವೂ ಅಲ್ಲಿಗೇ ಬರುತ್ತಿತ್ತು. ಎಮಿಲ್ ಜೋಲಾ ಎಂಬ ಲೇಖಕ 1873ರಲ್ಲಿ ಈ ಪೇಟೆಯ ಮೇಲೊಂದು ಕಾದಂಬರಿ ಬರೆದು, ಅದಕ್ಕೆ ‘ಪ್ಯಾರಿಸ್ಸಿನ ಹೊಟ್ಟೆ’ ಎಂಬ ಅರ್ಥದ ಹೆಸರನ್ನೇ ಇಟ್ಟ.

ಊರು ಮಲಗಿದ ಮೇಲೆ ಈ ಪೇಟೆ ಏಳುತ್ತಿತ್ತು. ಹಳ್ಳಿಗಳ ಗಾಡಿಗಳು ನಡುರಾತ್ರಿ ಬಂದು ನಿಲ್ಲುತ್ತಿದ್ದವು. ಬೆಳಗಾಗುವುದರೊಳಗೆ ಮಾಲು ಇಳಿಯಬೇಕು, ಲೆಕ್ಕವಾಗಬೇಕು, ಅಂಗಡಿಗಳಿಗೆ ಹೋಗಬೇಕು. ಹೊರೆ ಹೊರಲು ಸರ್ಕಾರದ ಪರವಾನಿಗೆ ಪಡೆದ ಹಮಾಲರಿದ್ದರು. ಅವರನ್ನು ‘ಫೋರ್’ ಎಂದು ಕರೆಯುತ್ತಿದ್ದರು, ಹಾಗೆಂದರೆ ಬಲಶಾಲಿ. ಭಾರ ಹೊತ್ತು ತೋರಿಸಿದವನಿಗೆ ಮಾತ್ರ ಆ ಕೆಲಸ ಸಿಗುತ್ತಿತ್ತು. ತಲೆಯ ಮೇಲೆ ಅಗಲವಾದ ಟೊಪ್ಪಿಗೆ, ಅದರ ಮೇಲೆ ಹೊರೆ.

ಚಳಿಗಾಲದ ರಾತ್ರಿ ಮೂರು ನಾಲ್ಕು ಗಂಟೆಗೆ ಮೈ ನಡುಗುವಾಗ ಆ ಹಮಾಲರಿಗೆ ಏನು ಬೇಕು? ಬಿಸಿಯಾದದ್ದು, ಹೊಟ್ಟೆ ತುಂಬುವಂಥದ್ದು, ಕಡಿಮೆ ರೊಕ್ಕಕ್ಕೆ ಸಿಗುವಂಥದ್ದು. ಪೇಟೆಯ ಸುತ್ತಲಿನ ಸಣ್ಣ ಹೋಟೆಲುಗಳಲ್ಲಿ ಅದು ಸಿಗುತ್ತಿತ್ತು. ಪೇಟೆಯ ಅಗ್ಗದ ಮಾಲು ಉಳ್ಳಾಗಡ್ಡಿ, ನಿನ್ನೆ ಉಳಿದು ಒಣಗಿದ ಬ್ರೆಡ್ಡು, ಮೇಲೊಂದಿಷ್ಟು ತುರಿದ ಚೀಸು. ಅಲ್ಲಿಗೆ ಇನ್ನೊಂದು ಬಗೆಯ ಗಿರಾಕಿಗಳೂ ಬರುತ್ತಿದ್ದರು. ನಾಟಕ, ಕುಣಿತ ಮುಗಿಸಿ ಮನೆಗೆ ಹೊರಟ ಶ್ರೀಮಂತರು. ರೇಷ್ಮೆ ಬಟ್ಟೆಯವರೂ ಬೆವರಿನ ಅಂಗಿಯವರೂ ಅದೇ ಹೋಟೆಲಿನಲ್ಲಿ ಕೂತು ಅದೇ ಸೂಪು ಕುಡಿಯುತ್ತಿದ್ದರು.

1969ರಲ್ಲಿ ಈ ಪೇಟೆಯನ್ನು ಊರಾಚೆ ರುಂಜಿಸ್ ಎಂಬಲ್ಲಿಗೆ ಸಾಗಿಸಿದರು. ಮುಂದಿನ ಕೆಲವು ವರ್ಷಗಳಲ್ಲಿ ಹಳೆಯ ಚಪ್ಪರಗಳನ್ನೂ ಕೆಡವಿದರು. ಈಗ ಆ ಜಾಗದಲ್ಲಿ ರೈಲು ನಿಲ್ದಾಣ, ಅಂಗಡಿ ಮಳಿಗೆಗಳು ಇವೆ. ಪೇಟೆ ಹೋದರೂ ಸೂಪು ಉಳಿಯಿತು. ನಮಗೆ ಸ್ವಾತಂತ್ರ್ಯ ಬಂದ 1947ರಲ್ಲಿ ಅಲ್ಲಿ ಬಾಗಿಲು ತೆರೆದ ‘ಓ ಪಿಯೆ ದ ಕೊಶಾಂ’ ಎಂಬ ಹೋಟೆಲು ಈ ಸೂಪಿಗೆ ಇಂದಿಗೂ ಹೆಸರುವಾಸಿ.

ಫ್ರಾನ್ಸಿನ ಜನ ಈ ಸೂಪಿಗೆ ಒಂದು ರಾಜನ ಕಥೆಯನ್ನೂ ಅಂಟಿಸಿದ್ದಾರೆ. ಪೋಲೆಂಡಿನ ರಾಜನಾಗಿದ್ದು, ಆಮೇಲೆ ಫ್ರಾನ್ಸಿನ ಲೊರೇನ್ ಸೀಮೆಯ ಒಡೆಯನಾದ ಸ್ಟಾನಿಸ್ಲಾಸ್ ಎಂಬವನಿದ್ದ. ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿಗೆ ಇವನು ಮಾವ. ಮಗಳನ್ನು ನೋಡಲು ಹೋಗುವಾಗ ದಾರಿಯ ಛತ್ರವೊಂದರಲ್ಲಿ ಈ ಸೂಪು ಕುಡಿದನಂತೆ. ಅದು ಎಷ್ಟು ರುಚಿಸಿತೆಂದರೆ, ಮಾಡುವುದನ್ನು ಕಲಿಯದೆ ಅಲ್ಲಿಂದ ಕದಲುವುದಿಲ್ಲ ಎಂದು ಅಡುಗೆಮನೆಗೇ ಇಳಿದನಂತೆ. ಹೊಗೆಗೂ ಉಳ್ಳಾಗಡ್ಡಿಯ ಘಾಟಿಗೂ ರಾಜನ ಕಣ್ಣಲ್ಲಿ ಧಾರಾಕಾರ ನೀರು! ನಿಜವೋ ಕಟ್ಟುಕಥೆಯೋ, ಉಳ್ಳಾಗಡ್ಡಿಯ ಮುಂದೆ ರಾಜನೂ ಅಳಲೇಬೇಕು ಎಂಬುದಂತೂ ಸುಳ್ಳಲ್ಲ.

ನಮ್ಮ ಅಮರಗೋಳದ ಪೇಟೆ

ಪ್ಯಾರಿಸ್ಸಿನ ಆ ಪೇಟೆಯನ್ನು ಕಣ್ಣಮುಂದೆ ತಂದುಕೊಳ್ಳಲು ನಾವು ದೂರ ಹೋಗಬೇಕಿಲ್ಲ. ಹುಬ್ಬಳ್ಳಿ-ಧಾರವಾಡ ರಸ್ತೆಯ ಅಮರಗೋಳದಲ್ಲಿರುವ ಎಪಿಎಂಸಿ, ರಾಜ್ಯದ ದೊಡ್ಡ ಉಳ್ಳಾಗಡ್ಡಿ ಪೇಟೆಗಳಲ್ಲಿ ಒಂದು. ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರದ ಕಡೆಯ ಮಾಲು ಇಲ್ಲಿಗೆ ಬರುತ್ತದೆ. ಸುಗ್ಗಿಯಲ್ಲಿ ಲಾರಿ, ಟ್ರ್ಯಾಕ್ಟರ್‌ಗಳ ಸಾಲು ನಿಲ್ಲುತ್ತದೆ. ಚೀಲ ಇಳಿಸುವ ಹಮಾಲರು, ದೊಡ್ಡದು ಸಣ್ಣದು ಆರಿಸುವ ಹೆಣ್ಣುಮಕ್ಕಳು, ಕೂಗಿ ದರ ಹೇಳುವವರು, ಚೀಲದ ಮೇಲೆಯೇ ಒರಗಿದ ರೈತರು.

ನಮ್ಮ ಭಾಗದ ಉಳ್ಳಾಗಡ್ಡಿ ಹೆಚ್ಚಾಗಿ ಮಳೆಯನ್ನೇ ನಂಬಿದ ಬೆಳೆ. ಧಾರವಾಡ, ಗದಗ, ಹಾವೇರಿ ಸೀಮೆಯ ಎರೆಹೊಲಗಳಲ್ಲಿ ರೈತರು ಒಂದು ಜಾಣತನವನ್ನು ಬಹುಕಾಲದಿಂದ ಮಾಡುತ್ತ ಬಂದಿದ್ದಾರೆ. ಒಂದೇ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಗಿಡ, ಹತ್ತಿ ಮೂರನ್ನೂ ಬೆಳೆಯುವುದು. ಮೊದಲು ಕೈಗೆ ಬರುವುದು ಉಳ್ಳಾಗಡ್ಡಿ. ಅದನ್ನು ಕಿತ್ತು ಮಾರಿದ ರೊಕ್ಕದಲ್ಲಿ ಮನೆಖರ್ಚು ಸಾಗುತ್ತದೆ, ಉಳಿದೆರಡು ಬೆಳೆಗೆ ಕಳೆ, ಗೊಬ್ಬರದ ಖರ್ಚೂ ಹೊರಡುತ್ತದೆ. ಆಮೇಲೆ ಮೆಣಸಿನಕಾಯಿ, ಕಡೆಗೆ ಹತ್ತಿ. ಮೂರರಲ್ಲಿ ಒಂದು ಕೈಕೊಟ್ಟರೂ ಇನ್ನೊಂದು ಹಿಡಿದೀತು ಎಂಬ ಲೆಕ್ಕ.

ಈ ಲೆಕ್ಕ ತಪ್ಪಿಸುವ ಶತ್ರುಗಳು ಎರಡು. ಒಂದು ಮಳೆ. ಮುಂಗಾರಿನಲ್ಲಿ ಬಿತ್ತಿದ ಉಳ್ಳಾಗಡ್ಡಿ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಕೀಳಲು ಬರುತ್ತದೆ. ಕಿತ್ತ ಗಡ್ಡಿ ಒಣಗಬೇಕು. ಕುತ್ತಿಗೆ ಬಾಡಿ ಬಿಗಿಯಬೇಕು. ಅದೇ ಹೊತ್ತಿಗೆ ಮಳೆ ಹೊಡೆದರೆ ಹೊಲದಲ್ಲೇ ಕೊಳೆಯುತ್ತದೆ. ಬೇಸಿಗೆಯ ಬಿಸಿಲಲ್ಲಿ ಕಿತ್ತ ಗಡ್ಡಿಯನ್ನು ಗಾಳಿಯಾಡುವ ಜಾಗದಲ್ಲಿ ನಾಲ್ಕೈದು ತಿಂಗಳು ಇಡಬಹುದು. ಮುಂಗಾರಿನ ಗಡ್ಡಿಯಲ್ಲಿ ನೀರಿನ ಪಸೆ ಹೆಚ್ಚು, ಅಷ್ಟು ದಿನ ತಾಳುವುದಿಲ್ಲ.

ಎರಡನೆಯ ಶತ್ರು ದರ. ಇಡಲು ಬಾರದ ಮಾಲನ್ನು ಎಲ್ಲರೂ ಒಮ್ಮೆಲೇ ಪೇಟೆಗೆ ತರಬೇಕು. ಎಲ್ಲರೂ ಒಮ್ಮೆಲೇ ತಂದರೆ ದರ ಬೀಳುತ್ತದೆ. ಬಿದ್ದ ದರಕ್ಕೆ ಕೀಳುವ ಕೂಲಿ, ಚೀಲ, ಬಾಡಿಗೆ ಹೊರಡದೆ ರೈತ ಮಾಲನ್ನು ರಸ್ತೆಗೆ ಸುರಿದ ಸುದ್ದಿಯನ್ನು ನೀವು ಓದಿರುತ್ತೀರಿ. ಮುಂದೆ ಕೆಲವೇ ತಿಂಗಳಲ್ಲಿ ಮಾಲು ಕಡಿಮೆಯಾಗಿ ದರ ಏರಿ, ಪೇಟೆಯಲ್ಲಿ ಅಮ್ಮ ಒಂದು ಕಿಲೋ ಬದಲು ಅರ್ಧ ಕಿಲೋ ತಂದದ್ದನ್ನೂ ನೋಡಿರುತ್ತೀರಿ. ಆಗ ಸರ್ಕಾರ ನಡುವೆ ಬರುತ್ತದೆ. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಉಳ್ಳಾಗಡ್ಡಿ ರಫ್ತಿನ ಮೇಲೆ ಶೇ 40ರಷ್ಟು ಸುಂಕ ಹಾಕಿತು. ಡಿಸೆಂಬರಿನಲ್ಲಿ ರಫ್ತನ್ನೇ ನಿಲ್ಲಿಸಿತು. 2024ರ ಮೇ ತಿಂಗಳಲ್ಲಿ ಆ ತಡೆಯನ್ನು ತೆಗೆಯಿತು. ಕೊಳ್ಳುವವರಿಗೆ ಇದರಿಂದ ನೆಮ್ಮದಿ; ಹೊರದೇಶದ ದರ ನಂಬಿದ ಬೆಳೆಗಾರರಿಗೆ ಸಂಕಟ. ಉಳ್ಳಾಗಡ್ಡಿ ಹೆಚ್ಚುವವರನ್ನು ಮಾತ್ರವಲ್ಲ, ಬೆಳೆದವರನ್ನೂ ಅಳಿಸುತ್ತದೆ.

ಕಣ್ಣೀರು ಎಲ್ಲಿಂದ ಬರುತ್ತದೆ?

“ಯಾಕ ಅಳಾಕತ್ತಿ ಆಯಿ?” ಎಂದು ಮೊಮ್ಮಗು ಕೇಳುತ್ತದೆ. “ಏನಿಲ್ಲೋ ಮಗಾ, ಉಳ್ಳಾಗಡ್ಡಿ ಹೆಚ್ಚಾಕತ್ತೀನಿ” ಎನ್ನುತ್ತಾಳೆ ಆಯಿ. ಪ್ರತಿ ಮನೆಯಲ್ಲೂ ನಡೆಯುವ ಮಾತು. ಇದರ ಹಿಂದೆ ಒಂದು ಸ್ವಾರಸ್ಯವಿದೆ.

ಉಳ್ಳಾಗಡ್ಡಿ ನೆಲದಿಂದ ಗಂಧಕವನ್ನು ಹೀರಿಕೊಂಡು ತನ್ನ ಪದರುಗಳಲ್ಲಿ ಕೂಡಿಡುತ್ತದೆ. ಇಡಿಯಾಗಿರುವವರೆಗೆ ಅದಕ್ಕೆ ಘಾಟಿಲ್ಲ. ಗಂಧಕದ ವಸ್ತು ಒಂದು ಕೋಣೆಯಲ್ಲಿ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕೋಣೆಯಲ್ಲಿ ಇರುತ್ತವೆ. ಚಾಕು ಬಿದ್ದಾಗ ನಡುವಿನ ಗೋಡೆ ಒಡೆದು ಎರಡೂ ಕೂಡುತ್ತವೆ. ಕ್ಷಣದಲ್ಲಿ ಒಂದು ಅನಿಲ ಹುಟ್ಟಿ ಮೇಲೇಳುತ್ತದೆ. ಅದು ಕಣ್ಣಿಗೆ ತಾಗಿ ಉರಿದಾಗ, ತೊಳೆದುಹಾಕಲು ಕಣ್ಣು ನೀರು ಸುರಿಸುತ್ತದೆ. ಹುಳುಹುಪ್ಪಟೆ ಕಚ್ಚದಿರಲಿ ಎಂದು ಗಿಡ ಮಾಡಿಕೊಂಡ ರಕ್ಷಣೆ ಇದು.

ಈ ಅನಿಲ ಹುಟ್ಟಲು ಒಂದಲ್ಲ, ಎರಡು ಕಿಣ್ವ ಬೇಕು ಎಂದು ಜಪಾನಿನ ವಿಜ್ಞಾನಿಗಳು 2002ರಲ್ಲಿ ಕಂಡುಹಿಡಿದರು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ‘ಇಗ್ ನೊಬೆಲ್’ ಎಂಬ ತಮಾಷೆಯ ಬಹುಮಾನವಿದೆ. 2013ರಲ್ಲಿ ಅದು ಇವರಿಗೆ ಬಂತು. ಜಪಾನಿನಲ್ಲಿ 2015ರಿಂದ ಕಣ್ಣೀರು ತರಿಸದ ಉಳ್ಳಾಗಡ್ಡಿಯನ್ನೇ ಮಾರುತ್ತಿದ್ದಾರೆ. ನಮ್ಮ ಮನೆಗಳಲ್ಲಿ ಅಷ್ಟೆಲ್ಲ ಬೇಡ. ಗಡ್ಡಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಅನಿಲ ಹಾರುವುದು ಕಡಿಮೆಯಾಗುತ್ತದೆ. ಚಾಕು ಹರಿತವಾಗಿರಲಿ, ಮೊಂಡು ಚಾಕು ಪದರನ್ನು ಜಜ್ಜಿ ಇನ್ನಷ್ಟು ಘಾಟು ಎಬ್ಬಿಸುತ್ತದೆ.

ಘಾಟಿನ ಉಳ್ಳಾಗಡ್ಡಿಯಲ್ಲಿ ಸಿಹಿ ಇಲ್ಲವೇ? ಇದೆ. ಸಾಕಷ್ಟಿದೆ. ಬಟಾಟೆ ತನ್ನ ಬುತ್ತಿಯನ್ನು ಪಿಷ್ಟವಾಗಿ ಕೂಡಿಟ್ಟರೆ, ಉಳ್ಳಾಗಡ್ಡಿ ಸಕ್ಕರೆಯಾಗಿ ಮತ್ತು ಸಕ್ಕರೆಯ ಸರಪಣಿಯಾಗಿ ಕೂಡಿಡುತ್ತದೆ. ಘಾಟು ಆ ಸಿಹಿಯನ್ನು ಮುಚ್ಚಿರುತ್ತದೆ, ಅಷ್ಟೇ. ಬೆಂಕಿಯ ಮೇಲಿಟ್ಟರೆ ಕಿಣ್ವ ಸಾಯುತ್ತದೆ, ಘಾಟು ಹಾರಿಹೋಗುತ್ತದೆ, ಹತ್ತು ಪಾಲಿನಲ್ಲಿ ಒಂಬತ್ತರ ಹತ್ತಿರ ಇರುವ ನೀರು ಆವಿಯಾಗುತ್ತದೆ. ಉಳಿಯುವುದು ಸಿಹಿ.

ಪೇಢೆಯ ಕಂದು, ಸೂಪಿನ ಕಂದು

ಧಾರವಾಡದ ಪೇಢೆಯನ್ನು ಒಡೆದು ನೋಡಿರಿ. ಹಾಲು ಬಿಳಿ, ಸಕ್ಕರೆ ಬಿಳಿ. ಪೇಢೆ ಮಾತ್ರ ಕಂದು. ಬಣ್ಣ ಎಲ್ಲಿಂದ ಬಂತು? ಯಾರೂ ಹಾಕಿಲ್ಲ. ಖೋವಾವನ್ನು ಸಣ್ಣ ಉರಿಯಲ್ಲಿ, ಕೈಬಿಡದೆ, ಹೊತ್ತಿಗೊಮ್ಮೆ ಸಕ್ಕರೆ ಸೇರಿಸಿ ಬಾಡಿಸಿದರೆ ಹಾಲಿನ ಪ್ರೋಟೀನಿಗೂ ಸಕ್ಕರೆಗೂ ಸ್ನೇಹವಾಗುತ್ತದೆ. ಅದರಿಂದ ಕಂದು ಬಣ್ಣ, ಘಮ, ಹೊಸ ರುಚಿ ಹುಟ್ಟುತ್ತವೆ. ತವೆಯ ಮೇಲೆ ರೊಟ್ಟಿಗೆ ಬೀಳುವ ಕಂದು ಚುಕ್ಕೆ, ಹುರಿದ ಶೇಂಗಾದ ವಾಸನೆ, ಎಲ್ಲ ಇದೇ ಬಳಗ.

ಈ ಗುಟ್ಟನ್ನು 1912ರಲ್ಲಿ ವಿವರಿಸಿದವನು ಲೂಯಿ ಕಮಿಲ್ ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ. ಅದಕ್ಕೇ ಇದನ್ನು ಮೈಯಾರ್ ಕ್ರಿಯೆ ಎನ್ನುತ್ತಾರೆ. ತಮಾಷೆ ನೋಡಿ, ಅವನು ಹುಟ್ಟಿದ್ದು ಲೊರೇನ್ ಸೀಮೆಯಲ್ಲಿ, ಕಥೆಯಲ್ಲಿ ಉಳ್ಳಾಗಡ್ಡಿಗೆ ಅತ್ತ ಆ ಸ್ಟಾನಿಸ್ಲಾಸನ ನಾಡಿನಲ್ಲೇ.

ಉಳ್ಳಾಗಡ್ಡಿ ಸೂಪಿನ ಜೀವ ಇರುವುದು ಈ ಕಂದಿನಲ್ಲಿ. ಉರಿ ಹೆಚ್ಚು ಮಾಡಿದರೆ ಅಂಚು ಕಪ್ಪಾಗಿ ಕಹಿ ಬರುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕೇ ಬೇಕು. ಬಿಳಿ ಹೋಗಿ ಗಾಜಿನಂತಾಗುತ್ತದೆ, ಆಮೇಲೆ ಹುಲ್ಲಿನ ಬಣ್ಣ, ಬಂಗಾರದ ಬಣ್ಣ, ಕೊನೆಗೆ ಬೆಲ್ಲದ ಬಣ್ಣ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಬಾಣಲೆಯಲ್ಲಿ ನೋಡಬೇಕೆಂದರೆ ಇದನ್ನು ನೋಡಬೇಕು.

ಸೂಪು ಎಂದರೆ ನೆನೆದ ರೊಟ್ಟಿ

ಸೂಪು ಎಂದ ಕೂಡಲೆ ನಮಗೆ ಬಟ್ಟಲಲ್ಲಿ ಹಬೆಯಾಡುವ ತೆಳುವಾದ ಸಾರು ನೆನಪಾಗುತ್ತದೆ. ಆದರೆ ಫ್ರೆಂಚರ ಹಳೆಯ ಮಾತಿನಲ್ಲಿ ‘ಸೂಪ್’ ಎಂದರೆ ಸಾರಲ್ಲ. ಸಾರಿನಲ್ಲಿ ನೆನೆಸಿದ ಬ್ರೆಡ್ಡಿನ ತುಂಡು. ಒಣಗಿ ಕಲ್ಲಾದ ಬ್ರೆಡ್ಡಿನ ಮೇಲೆ ಬಿಸಿ ಸಾರು ಸುರಿದು ಮೆತ್ತಗೆ ಮಾಡಿಕೊಂಡು ತಿನ್ನುವುದೇ ಬಡವರ ರಾತ್ರಿಯೂಟವಾಗಿತ್ತು. ಬ್ರೆಡ್ಡಿನ ಹೆಸರು ಕಾಲ ಕಳೆದಂತೆ ಸಾರಿಗೆ ಅಂಟಿತು.

ಹಾಗಾದರೆ ನಮ್ಮ ಅಜ್ಜ-ಅಜ್ಜಿಯರು ಸೂಪು ಉಣ್ಣುತ್ತ ಎಷ್ಟು ಕಾಲವಾಯಿತು! ಹಲ್ಲು ಬಿದ್ದ ಅಜ್ಜ ಖಡಕ್ ರೊಟ್ಟಿಯನ್ನು ಮುರಿದು, ಬೇಳೆಯ ಸಾರಿನಲ್ಲೋ ಹಾಲಿನಲ್ಲೋ ಅದ್ದಿ, ಕಿವುಚಿ ಉಣ್ಣುತ್ತಾನಲ್ಲ, ಫ್ರೆಂಚರ ಸೂಪು ಹುಟ್ಟಿದ್ದೂ ಹಾಗೆಯೇ.

ಇನ್ನೊಂದು ಮಾತಿದೆ. ಮೇಲೆ ಚೀಸು ಹಾಕಿ ಕಂದಾಗಿಸಿದ ಈ ಸೂಪನ್ನು ‘ಗ್ರಾತಿನೆ’ ಎನ್ನುತ್ತಾರೆ. ಅದರ ಮೂಲದ ಮಾತಿನ ಅರ್ಥ ಕೆರೆಯುವುದು. ಪಾತ್ರೆಯ ತಳಕ್ಕೆ ಅಂಟಿದ್ದನ್ನು ಕೆರೆದು ತಿನ್ನುವುದು ಎಂದು. ತುಪ್ಪ ಕಾಸಿದ ಪಾತ್ರೆಯ ತಳವನ್ನು ಕೆರೆಯಲು ಜಗಳವಾಡುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಒಂದು ಹೋಲಿಕೆ ಕಾಣುತ್ತದೆ. ಕೂಡಿಟ್ಟ ಉಳ್ಳಾಗಡ್ಡಿ, ಒಣಗಿದ ಬ್ರೆಡ್ಡು, ಹಾಲು ಕೆಡದಂತೆ ಮಾಡಿಟ್ಟ ಚೀಸು. ಮೂರೂ ಹೊಲದಲ್ಲಿ ಏನೂ ಬೆಳೆಯದ ಚಳಿಗಾಲಕ್ಕೆಂದು ಉಳಿಸಿಟ್ಟ ಪದಾರ್ಥಗಳು. ನಮ್ಮಲ್ಲಿ ತಿಂಗಳುಗಟ್ಟಲೆ ತಾಳುವ ಖಡಕ್ ರೊಟ್ಟಿ, ಡಬ್ಬಿಯ ಶೇಂಗಾ ಚಟ್ನಿಪುಡಿ, ಜಂತಿಗೆ ಕಟ್ಟಿದ ಉಳ್ಳಾಗಡ್ಡಿ ಗೊಂಚಲು. ಎರಡು ದೇಶದ ಹೆಂಗಸರು ಒಬ್ಬರನ್ನೊಬ್ಬರು ನೋಡಿಲ್ಲ, ಮಾತು ತಿಳಿಯದು; ಯೋಚನೆ ಮಾತ್ರ ಒಂದೇ. ಉಳಿದದ್ದನ್ನು ಎಸೆಯಬಾರದು, ಎಸೆಯದ್ದನ್ನು ರುಚಿ ಮಾಡಬೇಕು.

ಮನೆಯಲ್ಲಿ ಮಾಡುವ ಬಗೆ (ನಾಲ್ಕು ಮಂದಿಗೆ)

ಫ್ರಾನ್ಸಿನಲ್ಲಿ ಇದಕ್ಕೆ ಸಾಮಾನ್ಯವಾಗಿ ದನದ ಎಲುಬನ್ನು ಗಂಟೆಗಟ್ಟಲೆ ಕುದಿಸಿದ ಸಾರು ಹಾಕುತ್ತಾರೆ. ಹಲವರು ಸ್ವಲ್ಪ ವೈನನ್ನೂ ಸುರಿಯುತ್ತಾರೆ. ಬರೀ ನೀರಿನಲ್ಲಿ ಮಾಡುವ ಪದ್ಧತಿಯೂ ಅಲ್ಲಿದೆ. ನಮ್ಮ ಮನೆಗಳಿಗೆ ಒಪ್ಪುವುದು ಬೇಳೆಯ ಕಟ್ಟು. ಹೋಳಿಗೆಯ ದಿನ ಕಟ್ಟಿನ ಸಾರು ಮಾಡುವವರಿಗೆ ಕಟ್ಟಿನ ಬಲ ಗೊತ್ತೇ ಇದೆ.

ಬೇಕಾದದ್ದು: ಉಳ್ಳಾಗಡ್ಡಿ 1 ಕಿಲೋ, ಬೆಣ್ಣೆ 50 ಗ್ರಾಂ, ಎಣ್ಣೆ 1 ಚಮಚ, ಮೈದಾ 1 ದೊಡ್ಡ ಚಮಚ, ಉಪ್ಪು, ಕರಿಮೆಣಸಿನ ಪುಡಿ, ಪಲಾವ್ ಎಲೆ 1, ಅಜಿವಾನ ಒಂದು ಚಿಟಿಕೆ, ಅರ್ಧ ನಿಂಬೆಹಣ್ಣು, ಒಣಗಿದ ಬ್ರೆಡ್ ಅಥವಾ ಪಾವ್ ಹೋಳು 8, ತುರಿದ ಚೀಸು 150 ಗ್ರಾಂ. ಕಟ್ಟಿಗೆ: ತೊಗರಿಬೇಳೆ ಒಂದು ಹಿಡಿ, ಗಜ್ಜರಿ 1, ನೀರು ಒಂದೂವರೆ ಲೀಟರು.

ಅಲ್ಲಿಯವರು ಹಾಕುವುದು ಥೈಮ್ ಎಂಬ ಸೊಪ್ಪು. ಅದರ ವಾಸನೆಗೆ ಕಾರಣವಾದ ಥೈಮಾಲ್ ಎಂಬ ಎಣ್ಣೆಯಂಶ ನಮ್ಮ ಅಜಿವಾನದಲ್ಲೂ ಇದೆ. ಆದ್ದರಿಂದ ಆ ಸೊಪ್ಪು ಹುಡುಕಿಕೊಂಡು ಅಲೆಯಬೇಕಿಲ್ಲ. ಚಿಟಿಕೆ ಮೀರಬಾರದು, ಅಷ್ಟೇ.

1. ಬೇಳೆ, ಗಜ್ಜರಿ, ನೀರು ಕೂಡಿಸಿ ಮೆತ್ತಗೆ ಬೇಯಿಸಿ. ಉಳ್ಳಾಗಡ್ಡಿಯ ಒಂದೆರಡು ಸ್ವಚ್ಛ ಸಿಪ್ಪೆಯನ್ನೂ ಹಾಕಿದರೆ ಕಟ್ಟಿಗೆ ಒಳ್ಳೆಯ ಬಣ್ಣ ಬರುತ್ತದೆ. ಕಲಕದೆ ಮೇಲಿನ ತಿಳಿಯನ್ನು ಸೋಸಿ. ಸುಮಾರು ಒಂದೂಕಾಲು ಲೀಟರು ಬೇಕು, ಕಡಿಮೆಯಾದರೆ ಬಿಸಿನೀರು ಬೆರೆಸಿ. ಉಳಿದ ಬೇಳೆ ರಾತ್ರಿಯ ಪಲ್ಯಕ್ಕೋ ಸಾರಿಗೋ ಇರಲಿ.

2. ಉಳ್ಳಾಗಡ್ಡಿಯನ್ನು ಉದ್ದಕ್ಕೆ, ಒಂದೇ ದಪ್ಪನಾಗಿ ಹೆಚ್ಚಿ. ದಪ್ಪ ತಳದ ಅಗಲ ಪಾತ್ರೆಯಲ್ಲಿ ಬೆಣ್ಣೆ, ಎಣ್ಣೆ ಕಾಯಿಸಿ ಉಳ್ಳಾಗಡ್ಡಿ, ಒಂದು ಚಮಚ ಉಪ್ಪು ಹಾಕಿ. ಮುಚ್ಚಿ ಹತ್ತು ನಿಮಿಷ ಸಣ್ಣ ಉರಿಯಲ್ಲಿಡಿ. ಬುಟ್ಟಿಯಷ್ಟಿದ್ದದ್ದು ಕುಗ್ಗಿ ನೀರು ಬಿಟ್ಟಿರುತ್ತದೆ.

3. ಮುಚ್ಚಳ ತೆಗೆದು, ನಾಲ್ಕೈದು ನಿಮಿಷಕ್ಕೊಮ್ಮೆ ತಿರುವುತ್ತ 45 ನಿಮಿಷ ಬಾಡಿಸಿ. ತಳ ಹಿಡಿದರೆ ಹೆದರಬೇಡಿ. ಎರಡು ಚಮಚ ನೀರು ಚಿಮುಕಿಸಿ ಸೌಟಿನಿಂದ ಕೆರೆದು ಕಲಸಿ. ಆ ಕೆರೆದದ್ದರಲ್ಲೇ ರುಚಿ ಇರುವುದು. ಕಪ್ಪಾಗಲು ಬಿಡಬೇಡಿ.

4. ಬೆಲ್ಲದ ಬಣ್ಣ ಬಂದ ಮೇಲೆ ಮೈದಾ ಉದುರಿಸಿ ಎರಡು ನಿಮಿಷ ಹುರಿಯಿರಿ. ಬಿಸಿ ಕಟ್ಟನ್ನು ಸ್ವಲ್ಪಸ್ವಲ್ಪವಾಗಿ ಸುರಿಯಿರಿ. ಪಲಾವ್ ಎಲೆ, ಅಜಿವಾನ, ಮೆಣಸಿನಪುಡಿ ಹಾಕಿ 20 ನಿಮಿಷ ಮೆಲ್ಲಗೆ ಕುದಿಸಿ. ಇಳಿಸಿದ ಮೇಲೆ ಉಪ್ಪು ನೋಡಿ, ನಿಂಬೆರಸ ಹಿಂಡಿ. ಈ ಹುಳಿ ಇಲ್ಲದಿದ್ದರೆ ಸಿಹಿಯೇ ಮುಂದಾಗುತ್ತದೆ.

5. ಬ್ರೆಡ್ ಹೋಳುಗಳನ್ನು ತವೆಯ ಮೇಲೆ ಎರಡೂ ಬದಿ ಗರಿಗರಿಯಾಗಿ ಕಾಯಿಸಿ. ಮೇಲೆ ಚೀಸು ಉದುರಿಸಿ, ಸಣ್ಣ ಉರಿಯಲ್ಲಿ ಮುಚ್ಚಿಡಿ. ಕರಗಿದ ಕೂಡಲೆ ತೆಗೆಯಿರಿ. ಓವನ್ ಇದ್ದವರು ಬಟ್ಟಲಿಗೆ ಸೂಪು ತುಂಬಿ, ಬ್ರೆಡ್ಡು, ಚೀಸು ಇಟ್ಟು, ಮೇಲಿನ ಕಾವಿನಲ್ಲಿ ಕಂದು ಚುಕ್ಕೆ ಬರುವವರೆಗೆ ಇಡಬಹುದು. ಬಟ್ಟಲು ಓವನ್ನಿನ ಶಾಖ ತಾಳುವಂಥದ್ದೇ ಆಗಿರಲಿ.

ಮಕ್ಕಳೇ, ಹೆಚ್ಚುವುದು ಮತ್ತು ಒಲೆಯ ಕೆಲಸ ದೊಡ್ಡವರಿಗೆ ಬಿಡಿ. ಗಡಿಯಾರ ನೋಡುವುದು, ಬಣ್ಣ ಬದಲಾಗುವುದನ್ನು ಬರೆದಿಡುವುದು, ಚೀಸು ಉದುರಿಸುವುದು ನಿಮ್ಮ ಪಾಲು.

ಬಡಿಸುವ ಬಗೆ

ಫ್ರಾನ್ಸಿನಲ್ಲಿ ಇದನ್ನು ಬಡಿಸಲು ದಪ್ಪ ಪಿಂಗಾಣಿಯ ಬಟ್ಟಲುಗಳಿವೆ. ಹಿಡಿಕೆಯ ಜಾಗದಲ್ಲಿ ಎರಡೂ ಬದಿಗೆ ಸಿಂಹದ ತಲೆ! ಬಿಸಿ ಬೇಗ ಆರಬಾರದು ಎಂದು ಬಟ್ಟಲು ದಪ್ಪ. ಬಾಯಿಯವರೆಗೆ ಸೂಪು, ಅದರ ಮೇಲೆ ಬ್ರೆಡ್ಡು, ಅದರ ಮೇಲೆ ‘ಗ್ರುಯೇರ್’ ಎಂಬ ಗಟ್ಟಿ ಚೀಸಿನ ಮುಚ್ಚಿಗೆ. ಚಮಚದಿಂದ ಆ ಮುಚ್ಚಿಗೆಯನ್ನು ಒಡೆದರೆ ಹಬೆ ಹೊರಗೆ ಬರುತ್ತದೆ. ಅವಸರ ಮಾಡಿದವರ ನಾಲಿಗೆ ಸುಡುವುದು ಖಾತ್ರಿ. ಮದುವೆಯ ಮನೆಯಲ್ಲಿ ರಾತ್ರಿಯಿಡೀ ಕುಣಿದು ದಣಿದ ನೆಂಟರಿಗೆ ಬೆಳಗಿನ ಜಾವ ಇದೇ ಸೂಪು ಬಡಿಸುವ ರೂಢಿಯೂ ಅಲ್ಲಿದೆ.

ನಮ್ಮಲ್ಲಿ ಸಿಂಹದ ಬಟ್ಟಲು ಬೇಡ, ಸ್ಟೀಲಿನ ಬಟ್ಟಲು ಸಾಕು. ಮೊದಲು ಸೂಪು ಹಾಕಿ, ಮೇಲೆ ಎರಡು ಹೋಳು ತೇಲಿಬಿಡಿ, ಕೂಡಲೆ ಕೊಡಿ. ಅಜ್ಜನಿಗೆ ಚೀಸು ಸೇರದಿದ್ದರೆ ಖಡಕ್ ರೊಟ್ಟಿಯ ಚೂರು ಹಾಕಿ ಐದು ನಿಮಿಷ ಬಿಡಿ. ಜೋಳದ ವಾಸನೆಗೂ ಬಾಡಿದ ಉಳ್ಳಾಗಡ್ಡಿಯ ಸಿಹಿಗೂ ಚೆನ್ನಾಗಿ ಹೊಂದುತ್ತದೆ. ಉಪ್ಪು ಕಡಿಮೆ ಮಾಡಬೇಕಾದವರು ಮೊದಲೇ ಅಳೆದು ಹಾಕಬೇಕು, ಚೀಸಿನಲ್ಲೂ ಉಪ್ಪಿರುತ್ತದೆ.

ಒಂದು ನೋಟ್‌ಬುಕ್ಕಿನ ಲೆಕ್ಕ

ನಾಲ್ಕು ಮಂದಿಗೆ ಒಂದು ಕಿಲೋ ಉಳ್ಳಾಗಡ್ಡಿ ಎಂದರೆ ಸಣ್ಣ ಮಾತಲ್ಲ. ಆದ್ದರಿಂದ ಇದನ್ನು ದರ ಏರಿದಾಗ ಮಾಡಬೇಡಿ. ದರ ಇಳಿದಾಗ, ಪೇಟೆಯಲ್ಲಿ ರಾಶಿ ಬಿದ್ದಾಗ ಮಾಡಿ. ಪ್ಯಾರಿಸ್ಸಿನ ಹಮಾಲರ ಹೋಟೆಲುಗಳೂ ನಡೆದದ್ದು ಪೇಟೆಯಲ್ಲಿ ಹೇರಳವಾಗಿದ್ದ ಅಗ್ಗದ ಮಾಲನ್ನು ನಂಬಿಯೇ.

ಮಾಡುವ ಮೊದಲು ಮಕ್ಕಳು ಒಂದು ಕೆಲಸ ಮಾಡಬಹುದು. ದಿನಪತ್ರಿಕೆಯಲ್ಲಿ ‘ಪೇಟೆ ಧಾರಣೆ’ ಎಂದು ಬರುತ್ತದೆ. ಅದರಲ್ಲಿ ಉಳ್ಳಾಗಡ್ಡಿಯ ಸಾಲು ಹುಡುಕಿ. ಅಲ್ಲಿರುವುದು ಕ್ವಿಂಟಲ್ ದರ. ನೂರರಿಂದ ಭಾಗಿಸಿದರೆ ಕಿಲೋ ದರ ಸಿಗುತ್ತದೆ. ಅದೇ ದಿನ ಓಣಿಯ ಅಂಗಡಿಯಲ್ಲಿ ಕಿಲೋಗೆ ಎಷ್ಟೆಂದು ಕೇಳಿ. ಎರಡನ್ನೂ ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆಯಿರಿ. ಉದಾಹರಣೆಗೆ ಪೇಟೆಯಲ್ಲಿ ಕ್ವಿಂಟಲಿಗೆ 1,500 ರೂಪಾಯಿ ಇದ್ದರೆ ಕಿಲೋಗೆ 15 ಆಯಿತು. ಅಂಗಡಿಯಲ್ಲಿ 30 ಇದ್ದರೆ ನಡುವಿನ 15 ಎಲ್ಲಿಗೆ ಹೋಯಿತು? ಹಮಾಲಿ, ಚೀಲ, ಲಾರಿ ಬಾಡಿಗೆ, ಕೊಳೆತು ಹೋದದ್ದು, ವ್ಯಾಪಾರಿಯ ಲಾಭ. ಇನ್ನು ಆ ಮೊದಲ 15ರಲ್ಲಿ ಬೀಜ, ಗೊಬ್ಬರ, ಕೀಳುವ ಕೂಲಿ ಕಳೆದರೆ ಬೆಳೆದವರಿಗೆ ಉಳಿದದ್ದು ಎಷ್ಟು?

ಉತ್ತರ ಪುಸ್ತಕದಲ್ಲಿ ಇರುವುದಿಲ್ಲ. ನಿಮ್ಮ ಅಜ್ಜನೋ ಅಜ್ಜಿಯೋ ಹೊಲ ಮಾಡಿದವರಾಗಿದ್ದರೆ ಅವರನ್ನು ಕೇಳಿ. ಬಾಣಲೆಯಲ್ಲಿ ಉಳ್ಳಾಗಡ್ಡಿ ಕಂದಾಗಲು ಹೇಗೂ ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತು ತಿರುವುತ್ತ ಕೂತವರಿಗೆ ಮಾತಾಡಲು ಸಮಯವಿರುತ್ತದೆ.